ನೆದರ್‌ಲ್ಯಾಂಡ್ಸ್‌ಗೆ ಹೊಸದಾಗಿ ಬಂದವರು ಮೊದಲು ಕಲಿಯಬೇಕಾದ ಡಚ್ ಮಾತುಗಳು

ಇಲ್ಲಿ ಇಂಗ್ಲಿಷ್‌ನಲ್ಲೇ ಹೆಚ್ಚಿನ ಕೆಲಸ ನಡೆಯುತ್ತದೆ, ನಿಜ. ಆದರೂ ಬಂದ ವಾರದಲ್ಲೇ ನಾಲ್ಕು ಡಚ್ ಮಾತು ಕಲಿತುಬಿಡಿ.

ಮೊದಲ ವರ್ಷ ಡಾಕ್ಟರ ಹತ್ತಿರ ಹೋದಾಗ ನಾನು ಸುಮ್ನೆ ಒಂದು ಮೂಲೆಯಲ್ಲಿ ಕೂತಿದ್ದೆ. ಆಮೇಲೆ ಬಂದ ಅಜ್ಜಿಯೊಬ್ಬರು ಕಾಯುತ್ತಿದ್ದ ಎಲ್ಲರ ಕಡೆ ನೋಡಿ ‘ಖೂದೆಮೊರ್ಖೆ’ ಅಂದರು. ಎಲ್ಲರೂ ತಿರುಗಿ ಹಾಗೇ ಅಂದರು. ಗುರುತಿರಲಿ ಬಿಡಲಿ, ಒಳಗೆ ಬಂದವರು ಮೊದಲು ಮಾತಾಡಿಸಬೇಕು. ಬೆಳಿಗ್ಗೆ ‘ಖೂದೆಮೊರ್ಖೆ’, ಮಧ್ಯಾಹ್ನ ‘ಖೂದೆಮಿದ್ದಾಖ್’, ಸಂಜೆ ‘ಖೂದೆನ್‌ಆವೊಂತ್’. ಗೆಳೆಯರಿಗೆ ‘ಹೊಯ್’, ಹೊರಡುವಾಗ ‘ದೂಯ್’. ಈ ‘ಖ’ ನಮ್ಮ ಖ ಅಲ್ಲ, ಗಂಟಲು ಕೆರೆದಂತೆ ಬರಬೇಕು. ದಕ್ಷಿಣದ ಲಿಂಬರ್ಗ್ ಕಡೆ ಅದು ಮೆತ್ತಗಾಗುತ್ತದೆ.

ನಮ್ಮ ಮನೆಗಳಲ್ಲಿ ‘ದಯವಿಟ್ಟು’ ಅಂತ ಯಾರು ಹೇಳುತ್ತಾರೆ? ‘ಸ್ವಲ್ಪ ನೀರು ಕೊಡ್ತೀರಾ’ ಅಂದರೆ ಮರ್ಯಾದೆ ಅದರಲ್ಲೇ ಬಂತು. ಇಲ್ಲಿ ಬಾಯಿಬಿಟ್ಟು ಹೇಳಬೇಕು. ‘ಆಲ್ಸ್ತುಬ್ಲೀಫ್ತ್’ ಅಂದರೆ ದಯವಿಟ್ಟು. ಅಂಗಡಿಯವರು ಚಿಲ್ಲರೆ ಕೈಗಿಡುವಾಗಲೂ ಅದನ್ನೇ ಹೇಳುತ್ತಾರೆ, ಆಗ ‘ತಗೊಳ್ಳಿ’ ಅಂತ ಅರ್ಥ. ನೀವು ‘ದಾಂಕ್ ಯು ವೆಲ್’ ಅನ್ನಿ. ಈ ‘ಯು’ ನಮ್ಮ ‘ನೀವು’ ಇದ್ದ ಹಾಗೆ. ಬಾಯಿ ‘ಉ’ಗೆ ದುಂಡಗಿಟ್ಟು ‘ಈ’ ಅನ್ನಿ, ಸರಿಯಾಗಿ ಬರುತ್ತದೆ. ಸಲುಗೆ ಇರುವವರಿಗೆ ‘ದಾಂಕ್ ಯೆ ವೆಲ್’, ‘ಆಲ್ಶೆಬ್ಲೀಫ್ತ್’. ನೀನು-ನೀವು ನಮಗೆ ಹೊಸದಲ್ಲ, ಅಲ್ವಾ? ವಯಸ್ಸಾದವರಿಗೆ, ಗುರುತಿಲ್ಲದವರಿಗೆ ಬಹುವಚನವೇ ಇರಲಿ.

ಕಾಫಿ ಬೇಕಾ ಅಂತ ಕೇಳಿದರೆ ನಮ್ಮ ಅಭ್ಯಾಸದಂತೆ ಮೊದಲು ಬೇಡ ಅನ್ನಬೇಡಿ. ಮತ್ತೆ ಒತ್ತಾಯ ಮಾಡುವವರು ಕಡಿಮೆ. ಬೇಕಿದ್ದರೆ ‘ಯಾ, ಖ್ರಾಖ್’ ಅನ್ನಿ.

ನಿಮ್ಮ ಉಚ್ಚಾರ ಕೇಳಿ ಅವರು ಇಂಗ್ಲಿಷ್‌ಗೆ ಹೊರಳಿದರೆ ‘ಇಕ್ ಲೇರ್ ನೇದರ್ಲಾಂತ್ಸ್’, ಅಂದರೆ ಡಚ್ ಕಲಿಯುತ್ತಿದ್ದೇನೆ, ಅನ್ನಿ. ಎಷ್ಟೋ ಜನ ನಿಧಾನ ಮಾಡಿ ಮಾತಾಡುತ್ತಾರೆ.

ಇನ್ನು ಹುಟ್ಟುಹಬ್ಬ. ಕುರ್ಚಿಗಳನ್ನು ಸುತ್ತಲೂ ಹಾಕಿರುತ್ತಾರೆ. ‘ಖೆಫೇಲಿಸಿತೇರ್ತ್’, ಅಂದರೆ ಅಭಿನಂದನೆ, ಹುಟ್ಟಿದವರಿಗಷ್ಟೇ ಅಲ್ಲ, ಅವರ ಗಂಡ, ಮಕ್ಕಳು, ಅಪ್ಪ-ಅಮ್ಮನಿಗೂ ಹೇಳಬೇಕು. ಕೂರುವ ಮೊದಲು ಒಂದು ಸುತ್ತು ಹೋಗಿ ಒಬ್ಬೊಬ್ಬರಿಗೂ ಕೈಕೊಟ್ಟು ಬನ್ನಿ. ಪಕ್ಕದ ಮನೆಯ ಅಜ್ಜನಿಗೆ ‘ನಿಮ್ಮ ಮೊಮ್ಮಗಳ ಹುಟ್ಟುಹಬ್ಬಕ್ಕೆ ಖೆಫೇಲಿಸಿತೇರ್ತ್’ ಅಂದಿದ್ದೆ. ಅವರು ಎರಡೂ ಕೈಯಲ್ಲಿ ನನ್ನ ಕೈ ಹಿಡಿದು ಪಕ್ಕದ ಕುರ್ಚಿ ತೋರಿಸಿದರು.