ಹೊಸ ವಿಂಡೋಸ್ ಹಾಕುವ ಮುನ್ನ: ಅಂಗಡಿ, ಮಂಡಿ, ಗಿರಣಿಯ ಕಂಪ್ಯೂಟರ್‌ಗೆ ಬೇಕಾದ ತಯಾರಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ದಾವಣಗೆರೆ ಮಂಡಿಪೇಟೆಯ ಸಗಟು ಮಳಿಗೆಯಿರಲಿ, ಎಪಿಎಂಸಿಯ ದಲಾಲಿ ಅಂಗಡಿಯಿರಲಿ, ಚಳ್ಳಕೆರೆಯ ಎಣ್ಣೆ ಗಿರಣಿಯಿರಲಿ, ಪರದೆಯ ಮೇಲೆ 'ವಿಂಡೋಸ್ 11ಕ್ಕೆ ಬದಲಾಗಿ' ಎಂಬ ಸೂಚನೆ ಬಂದಾಗ ಗುಮಾಸ್ತರು ಒಂದು ಗುಂಡಿ ಒತ್ತಿದರೆ ಸಾಕು, ಕೆಲಸ ಶುರುವಾಗಿಬಿಡುತ್ತದೆ. ಕಂಪ್ಯೂಟರ್ ಸಾಮಾನ್ಯವಾಗಿ ಸರಿಯಾಗಿಯೇ ಏಳುತ್ತದೆ. ಕೈಕೊಡುವುದು ಅದಕ್ಕೆ ಜೋಡಿಸಿರುವ ಸಾಮಾನು: ಲಾರಿ ತೂಗುವ ವೇ ಬ್ರಿಡ್ಜ್‌ನ ಕೇಬಲ್, ಬಿಲ್ ಹೊಡೆಯುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಡಿಜಿಟಲ್ ಸಹಿಯ ಟೋಕನ್, ಹಳೇ ಲೆಕ್ಕದ ಪ್ರೋಗ್ರಾಂ. ಆದ್ದರಿಂದ ತಯಾರಿ ಅಲ್ಲಿಂದಲೇ ಆರಂಭವಾಗಬೇಕು.

ಹಾಗೆಂದು ಹಳೆಯದರಲ್ಲೇ ಕೂರುವುದೂ ಅಪಾಯ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ದಾಳಿ ಜಗತ್ತಿನಾದ್ಯಂತ ಕಡತಗಳಿಗೆ ಬೀಗ ಹಾಕಿದಾಗ, ಅದನ್ನು ತಡೆಯುವ ಅಪ್‌ಡೇಟ್ ಎರಡು ತಿಂಗಳ ಹಿಂದೆಯೇ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಬದಲಾಗಲೇಬೇಕು, ಆದರೆ ನಮಗೆ ಅನುಕೂಲವಾದ ದಿನ, ಹಿಂದಿರುಗುವ ದಾರಿ ಇಟ್ಟುಕೊಂಡು.

ಮೊದಲು ಪಟ್ಟಿ ಬರೆಯಿರಿ

ಒಂದೊಂದು ಕಂಪ್ಯೂಟರ್‌ಗೂ ಒಂದು ಹಾಳೆ. ವಿಂಡೋಸ್ ಕೀ ಮತ್ತು ಆರ್ ಒತ್ತಿ 'ವಿನ್‌ವರ್' ಎಂದು ಕೊಟ್ಟರೆ ಈಗಿರುವ ಆವೃತ್ತಿ ಕಾಣುತ್ತದೆ. ಸೆಟ್ಟಿಂಗ್ಸ್‌ನ ಅಬೌಟ್ ಪುಟದಲ್ಲಿ ಪ್ರೊಸೆಸರ್, ರ‍್ಯಾಮ್ ಮತ್ತು ಬಹಳ ಮುಖ್ಯವಾಗಿ 32 ಬಿಟ್ಟೋ 64 ಬಿಟ್ಟೋ ಎಂಬುದು ಇರುತ್ತದೆ. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ. 32 ಬಿಟ್ ವಿಂಡೋಸ್ 10ರಲ್ಲಿ ಓಡುತ್ತಿರುವ ಫಾಕ್ಸ್‌ಪ್ರೊ ಕಾಲದ ಡಾಸ್ ಪ್ರೋಗ್ರಾಂ ಹೊಸದರಲ್ಲಿ ನೇರವಾಗಿ ತೆರೆಯುವುದೇ ಇಲ್ಲ. 16 ಬಿಟ್ ಪ್ರೋಗ್ರಾಂಗಳನ್ನು ಓಡಿಸುವ ಭಾಗ 64 ಬಿಟ್ ವಿಂಡೋಸ್‌ನಲ್ಲಿಲ್ಲ. ಇನ್ನು ಕೆಲವು ಪ್ರೋಗ್ರಾಂ 32 ಬಿಟ್ಟಿನವೇ ಆದರೂ ಅವುಗಳ ಇನ್‌ಸ್ಟಾಲರ್ ಮಾತ್ರ 16 ಬಿಟ್ಟಿನದು. ಓಡುತ್ತಿದ್ದುದು ಫಾರ್ಮ್ಯಾಟ್ ಆದ ಮೇಲೆ ಮತ್ತೆ ಇನ್‌ಸ್ಟಾಲ್ ಆಗದಿರಲು ಇದೂ ಒಂದು ಕಾರಣ.

ಹಾಳೆಯ ಇನ್ನೊಂದು ಮಗ್ಗುಲಲ್ಲಿ ಜೋಡಿಸಿರುವ ಸಾಮಾನುಗಳನ್ನು ಬರೆಯಿರಿ. ಡಿಟಿಪಿ ಅಂಗಡಿಯವರು ನುಡಿ, ಶ್ರೀಲಿಪಿ ಮುಂತಾದ ಹಳೇ ಫಾಂಟುಗಳ ಕಡತಗಳನ್ನು ಬೇರೆ ಫೋಲ್ಡರಿಗೆ ನಕಲು ಮಾಡಿಟ್ಟುಕೊಳ್ಳಬೇಕು. ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ ಲಗ್ನಪತ್ರಿಕೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬರೀ ಇಂಗ್ಲಿಷ್ ಅಕ್ಷರಗಳ ಗಲಿಬಿಲಿಯಾಗಿ ಕಾಣುತ್ತದೆ.

ವೇ ಬ್ರಿಡ್ಜ್ ಕೇಬಲ್

ಲಾರಿ ತೂಕದ ಇಂಡಿಕೇಟರ್ ಕಂಪ್ಯೂಟರ್‌ಗೆ ಸೀರಿಯಲ್ ಪೋರ್ಟ್ ಮೂಲಕ ಅಂಕಿ ಕಳಿಸುತ್ತದೆ. ಈಗಿನ ಕಂಪ್ಯೂಟರ್‌ಗಳಲ್ಲಿ ಆ ಪೋರ್ಟ್ ಅಪರೂಪ. ಹಾಗಾಗಿ ಯುಎಸ್‌ಬಿಗೆ ಹಾಕುವ ಪರಿವರ್ತಕ ಕೇಬಲ್ ಇರುತ್ತದೆ. ಅಗ್ಗದ ಕೇಬಲ್‌ಗಳಲ್ಲಿ ಬಹಳಷ್ಟರ ಒಳಗಿರುವುದು ಪ್ರೊಲಿಫಿಕ್ ಪಿಎಲ್ 2303 ಚಿಪ್, ಇಲ್ಲವೇ ಅದರ ನಕಲು. ಈ ಚಿಪ್‌ನ ಹಳೇ ಮಾದರಿಗಳನ್ನು ಕಂಪನಿ 2012ರಲ್ಲೇ ಕೈಬಿಟ್ಟಿದೆ. ಹೊಸ ಡ್ರೈವರ್ (ಕೇಬಲ್ಲನ್ನು ಓಡಿಸುವ ಪ್ರೋಗ್ರಾಂ) ಬಂದು ಕೂತರೆ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ತ್ರಿಕೋನದ ಜೊತೆ '2012ರಿಂದ ನಿಲ್ಲಿಸಲಾಗಿದೆ, ಮಾರಾಟಗಾರರನ್ನು ಸಂಪರ್ಕಿಸಿ' ಎಂಬ ಅರ್ಥದ ಸಾಲು ಕಾಣುತ್ತದೆ. ಕೇಬಲ್ ಕೆಟ್ಟಿಲ್ಲ, ತೂಕ ಮಾತ್ರ ಪರದೆಗೆ ಬರುವುದಿಲ್ಲ. ಎಫ್‌ಟಿಡಿಐ ಕಂಪನಿಯ ಚಿಪ್ ಇರುವ ಕೇಬಲ್ಲನ್ನು ಮೊದಲೇ ತಂದು ಹಳೇ ವಿಂಡೋಸ್‌ನಲ್ಲೇ ಹಾಕಿ ನೋಡಿ. ಅಲ್ಲಿ ಓಡಿದರೆ ಒಂದು ಚಿಂತೆ ಕಳೆಯಿತು.

ಜೊತೆಗೆ ಎರಡು ವಿವರ ಬರೆದಿಟ್ಟುಕೊಳ್ಳಿ. ಒಂದು, ಈಗಿನ ಕಾಮ್ ಪೋರ್ಟ್ ಸಂಖ್ಯೆ. ತೂಕದ ಪ್ರೋಗ್ರಾಂ ಕಾಮ್ 3 ಎಂದು ಹುಡುಕುತ್ತಿದ್ದು ಹೊಸ ವಿಂಡೋಸ್ ಅದಕ್ಕೆ ಕಾಮ್ 5 ಕೊಟ್ಟರೆ ಅಂಕಿ ಬರದು. ಡಿವೈಸ್ ಮ್ಯಾನೇಜರ್‌ನಲ್ಲಿ ಆ ಪೋರ್ಟಿನ ಅಡ್ವಾನ್ಸ್ಡ್ ಪುಟಕ್ಕೆ ಹೋಗಿ ಹಳೇ ಸಂಖ್ಯೆಯನ್ನೇ ಕೊಡಬಹುದು. ಎರಡು, ಬಾಡ್ ರೇಟ್ (ಅಂಕಿ ಕಳಿಸುವ ವೇಗ), ಡೇಟಾ ಬಿಟ್, ಪ್ಯಾರಿಟಿ, ಸ್ಟಾಪ್ ಬಿಟ್. ಬಾಡ್ ರೇಟ್ 9600 ಇರುವ ಕಡೆ 2400 ಹಾಕಿದರೆ ತೂಕದ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆ ಬರುತ್ತವೆ.

ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ನದು ಬೇರೆ ಕಥೆ. ಪ್ರಿಂಟರ್ ಓಡುತ್ತದೆ, ಕಾಗದದ ಅಳತೆ ಕಳೆದುಹೋಗುತ್ತದೆ. 10 ಇಂಚು ಅಗಲ, 6 ಇಂಚು ಉದ್ದದ ಅಚ್ಚಾದ ಬಿಲ್‌ಗೆ ನೀವು ಮಾಡಿಸಿಕೊಂಡ ಫಾರ್ಮ್ ಹೊಸದಾಗಿ ಹಾಕಿದ ವಿಂಡೋಸ್‌ನಲ್ಲಿ ಇರುವುದಿಲ್ಲ. ಪ್ರಿಂಟರ್ ಎ4 ಎಂದುಕೊಂಡು ಪ್ರತಿ ಬಿಲ್ಲಿನ ಬಳಿಕವೂ ಕಾಗದ ಮುಂದಕ್ಕೆ ತಳ್ಳುತ್ತದೆ. ಪ್ರಿಂಟ್ ಸರ್ವರ್ ಪ್ರಾಪರ್ಟೀಸ್‌ನಲ್ಲಿ ಆ ಫಾರ್ಮ್‌ನ ಅಳತೆ ಇರುವ ಪುಟವನ್ನು ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ಕಂಪ್ಯೂಟರ್ ಅರ್ಹವೇ?

ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಇದನ್ನು ಹೇಳುತ್ತದೆ. 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 (ಭದ್ರತೆಯ ಚಿಪ್), ಸೆಕ್ಯೂರ್ ಬೂಟ್ (ಏಳುವಾಗ ನಂಬಲರ್ಹ ಪ್ರೋಗ್ರಾಂ ಮಾತ್ರ ಓಡಲು ಬಿಡುವ ವ್ಯವಸ್ಥೆ) ಮತ್ತು ಬಹುತೇಕ ಇಂಟೆಲ್ 8ನೇ ಪೀಳಿಗೆ ಅಥವಾ ನಂತರದ ಪ್ರೊಸೆಸರ್ ಬೇಕು. 4 ಜಿಬಿ ಬರೀ ಕಾಗದದ ಮೇಲಿನ ಅರ್ಹತೆ. ಟ್ಯಾಲಿ, ಬ್ರೌಸರ್, ಎಕ್ಸೆಲ್ ಒಟ್ಟಿಗೆ ತೆರೆಯುವವರಿಗೆ 8 ಜಿಬಿ ಮತ್ತು ಎಸ್‌ಎಸ್‌ಡಿ ಇಲ್ಲದಿದ್ದರೆ ದಿನವಿಡೀ ಕಾಯುವುದೇ ಕೆಲಸವಾಗುತ್ತದೆ.

'ಟಿಪಿಎಂ ಬಯೋಸ್‌ನಲ್ಲಿ ಆನ್ ಮಾಡಿದರೆ ಆಯ್ತು' ಎಂಬ ಮಾತು ಅರ್ಧ ಸರಿ. ಹಳೇ ಲೆಗಸಿ ವಿಧಾನದಲ್ಲಿ ಹಾಕಿದ ವಿಂಡೋಸ್ ಇದ್ದರೆ, ಸೆಕ್ಯೂರ್ ಬೂಟ್‌ಗಾಗಿ ಬಯೋಸನ್ನು (ಕಂಪ್ಯೂಟರನ್ನು ಎಬ್ಬಿಸುವ ಮೂಲ ಪ್ರೋಗ್ರಾಂ) ಯುಇಎಫ್‌ಐ ಎಂಬ ಹೊಸ ವಿಧಾನಕ್ಕೆ ಬದಲಿಸಿದ ಕ್ಷಣ ಕಂಪ್ಯೂಟರ್ ಬೂಟ್ ಆಗುವುದಿಲ್ಲ. ಮೊದಲು ಡಿಸ್ಕನ್ನು ಎಂಬಿಆರ್ ಎಂಬ ಹಳೇ ವಿಂಗಡಣೆಯಿಂದ ಜಿಪಿಟಿ ಎಂಬ ಹೊಸದಕ್ಕೆ ಪರಿವರ್ತಿಸಬೇಕು. ಎಂಬಿಆರ್2ಜಿಪಿಟಿ ಎಂಬ ಉಪಕರಣ ವಿಂಡೋಸ್‌ನಲ್ಲೇ ಇದೆ. ಅರ್ಹತೆಯ ತಪಾಸಣೆಯನ್ನೇ ತಪ್ಪಿಸಿ ಹಾಕಿಕೊಡುವವರೂ ಇದ್ದಾರೆ. ವ್ಯಾಪಾರದ ಲೆಕ್ಕ ಇರುವ ಕಂಪ್ಯೂಟರ್‌ಗೆ ಅದು ಖಂಡಿತ ಬೇಡ. ಅಂಥ ಕಂಪ್ಯೂಟರ್‌ಗೆ ಮುಂದಿನ ಅಪ್‌ಡೇಟ್ ಬರುತ್ತದೆಂಬ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ.

ನಕಲು, ಮತ್ತು ನಕಲಿನ ಪರೀಕ್ಷೆ

2018ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ರ 1809 ಆವೃತ್ತಿ ಕೆಲವರ ಡಾಕ್ಯುಮೆಂಟ್ಸ್ ಫೋಲ್ಡರಿನ ಕಡತಗಳನ್ನೇ ಅಳಿಸಿತು. ಮೈಕ್ರೋಸಾಫ್ಟ್ ಅದನ್ನು ಹಿಂತೆಗೆದು ನವೆಂಬರ್ 13ಕ್ಕೆ ಮತ್ತೆ ಬಿಟ್ಟಿತು. ತಯಾರಕರ ಕೈಯಲ್ಲೇ ಹೀಗಾಗಬಹುದಾದರೆ ಪೆನ್‌ಡ್ರೈವ್‌ನಲ್ಲಿ ಒಂದು ಫೋಲ್ಡರ್ ನಕಲು ಸಾಲದು.

ಒಳ್ಳೆಯ ದಾರಿ ಇದು: 512 ಜಿಬಿಯ ಹೊಸ ಎಸ್‌ಎಸ್‌ಡಿ ತಂದು ಇಡೀ ಡಿಸ್ಕನ್ನು ಅದಕ್ಕೆ ಕ್ಲೋನ್ ಮಾಡಿ. ಉಚಿತವಾದ ಕ್ಲೋನ್‌ಜಿಲ್ಲಾ ಸಾಕು. ವಿಂಡೋಸ್ 11 ಹೋಗುವುದು ಹೊಸ ಡಿಸ್ಕಿಗೆ. ಹಳೆಯದು ತಾರೀಖು ಬರೆದ ಚೀಟಿಯೊಂದಿಗೆ ಬೀರುವಿನಲ್ಲಿರಲಿ. ಏನೇ ಆದರೂ ಅದನ್ನು ಮತ್ತೆ ಜೋಡಿಸಿದರೆ ಅಂಗಡಿ ತೆರೆಯುತ್ತದೆ.

ಟ್ಯಾಲಿ ಬ್ಯಾಕಪ್ ಬೇರೆಯಾಗಿಯೇ ತೆಗೆಯಿರಿ. ಅದನ್ನು ಇನ್ನೊಂದು ಕಂಪ್ಯೂಟರ್‌ನಲ್ಲಿ ರೀಸ್ಟೋರ್ ಮಾಡಿ ಟ್ರಯಲ್ ಬ್ಯಾಲೆನ್ಸ್ ಮತ್ತು ಕೊನೆಯ ವೋಚರ್ ಸಂಖ್ಯೆ ತಾಳೆ ಹಾಕಿ. ತೆರೆದು ನೋಡದ ಬ್ಯಾಕಪ್ಪನ್ನು ಲೆಕ್ಕಕ್ಕೆ ಹಿಡಿಯಬೇಡಿ. ಡಿಸ್ಕ್ ಬದಲಿಸುವ ಅಥವಾ ಫಾರ್ಮ್ಯಾಟ್ ಮಾಡುವ ಮುನ್ನ ಟ್ಯಾಲಿ ಲೈಸೆನ್ಸ್ ಸರೆಂಡರ್ ಮಾಡಿ, ನಂತರ ಮತ್ತೆ ಸಕ್ರಿಯಗೊಳಿಸಿ. ಮರೆತರೆ ಪ್ರೋಗ್ರಾಂ ಎಜುಕೇಷನಲ್ ಮೋಡ್‌ಗೆ ಇಳಿದು ತಿಂಗಳ 1, 2 ಮತ್ತು 31ನೇ ತಾರೀಖಿನ ವೋಚರ್ ಮಾತ್ರ ತೆಗೆದುಕೊಳ್ಳುತ್ತದೆ. ಇದೇ ಸಂದರ್ಭದಲ್ಲಿ ಟ್ಯಾಲಿಯನ್ನೂ ಹೊಸ ಆವೃತ್ತಿಗೆ ಏರಿಸುವ ಆಸೆ ಬೇಡ. ಒಂದೇ ದಿನ ಎರಡು ಬದಲಾವಣೆಯಾದರೆ ತಪ್ಪು ಯಾವುದರದೆಂದು ಹುಡುಕುವುದು ಕಷ್ಟ.

ಯಾವ ದಿನ?

ದಾವಣಗೆರೆಯಲ್ಲಿ ಮೆಕ್ಕೆಜೋಳದ ಆವಕ ಜೋರಿರುವ ಅಕ್ಟೋಬರ್‌ನಿಂದ ಡಿಸೆಂಬರ್ ಬೇಡ, ಲೆಕ್ಕ ಮುಗಿಸುವ ಮಾರ್ಚ್ ಬೇಡ. ತಿಂಗಳೊಳಗೆ ನೋಡಿದರೆ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ, ಈ ಎರಡು ಜಿಎಸ್‌ಟಿ ರಿಟರ್ನ್‌ಗಳ ಕೊನೆಯ ದಿನ. ಹಾಗಾಗಿ 22ರ ನಂತರದ ವಾರ ಹೊಂದುತ್ತದೆ. ಆದರೆ ಇಲ್ಲೊಂದು ತೊಡಕಿದೆ. ಈಗಿರುವ ವಿಂಡೋಸ್ ಮೇಲೆಯೇ ಹೊಸದನ್ನು ಹಾಕಿದಾಗ ಹಳೆಯದಕ್ಕೆ ಮರಳಲು ಸಿಗುವ ಅವಧಿ 10 ದಿನ. 22ಕ್ಕೆ ಹಾಕಿದರೆ ಆ ಅವಕಾಶ ಮುಂದಿನ ತಿಂಗಳ ಮೊದಲ ದಿನಗಳಲ್ಲೇ ಮುಗಿಯುತ್ತದೆ. ಡಿಜಿಟಲ್ ಸಹಿ ಹಾಕಿ ರಿಟರ್ನ್ ಸಲ್ಲಿಸುವ ಕಂಪನಿಗೆ ಟೋಕನ್ ಓಡುತ್ತಿಲ್ಲವೆಂದು ತಿಳಿಯುವುದು 11ಕ್ಕೆ! ಆದ್ದರಿಂದ ಹಾಕಿದ ದಿನವೇ ವಿಂಡೋಸ್‌ನಲ್ಲೇ ಇರುವ ಡಿಸ್ಮ್ ಎಂಬ ಆದೇಶದಿಂದ 'ಓಎಸ್ ಅನ್‌ಇನ್‌ಸ್ಟಾಲ್ ವಿಂಡೋ'ವನ್ನು, ಅಂದರೆ ಈ ಮರಳುವ ಅವಧಿಯನ್ನು, 60 ದಿನಕ್ಕೆ ಏರಿಸಲು ಸರ್ವಿಸ್‌ನವರಿಗೆ ಹೇಳಿ. 60ಕ್ಕಿಂತ ಹೆಚ್ಚು ಆಗದು. ಅಲ್ಲಿಯವರೆಗೆ ಡಿಸ್ಕ್ ಕ್ಲೀನಪ್ ಮಾಡಬೇಡಿ. 'ವಿಂಡೋಸ್ ಓಲ್ಡ್' ಫೋಲ್ಡರ್ ಅಳಿದರೆ ಮರಳುವ ದಾರಿಯೂ ಹೋಯಿತು.

ಯುಪಿಎಸ್ ಬ್ಯಾಟರಿ ಕನಿಷ್ಠ ಅರ್ಧ ಗಂಟೆ ತಡೆಯುತ್ತದೆಯೇ ನೋಡಿ. ನಡುವೆ ಕರೆಂಟ್ ಹೋದರೆ ಕೆಲಸ ಎಲ್ಲಿಗೆ ನಿಂತಿತೆಂಬುದೇ ಗೊತ್ತಾಗುವುದಿಲ್ಲ.

ಒಂದು ಕಂಪ್ಯೂಟರ್ ಮೊದಲು

ನಾಲ್ಕಿದ್ದರೆ ಒಂದಕ್ಕೆ ಮಾತ್ರ ಹಾಕಿ, ಬಿಲ್ಲಿಂಗ್ ಮತ್ತು ತೂಕದ್ದನ್ನು ಕೊನೆಗಿಡಿ. ಹಾಕಿದ ಮೇಲೆ ಒಂದು ಇಡೀ ತಿಂಗಳ ಕೆಲಸ ಅದರಲ್ಲಿ ನಡೆಯಲಿ: ಬಿಲ್, ಇ-ವೇ ಬಿಲ್, ಟೋಕನ್‌ನಿಂದ ಸಹಿ, ಬ್ಯಾಂಕ್ ಜಾಲತಾಣ, ಸ್ಕ್ಯಾನರ್.

ಹಂಚಿಕೊಂಡ ಫೋಲ್ಡರ್ ತೆರೆಯದಿರುವುದು ಇಲ್ಲಿ ಸಾಮಾನ್ಯವಾಗಿ ಎದುರಾಗುವ ತೊಂದರೆ. ವಿಂಡೋಸ್ 11 ಪ್ರೊ 24ಎಚ್2 ಆವೃತ್ತಿಯಿಂದ ಪಾಸ್‌ವರ್ಡ್ ಇಲ್ಲದ ಗೆಸ್ಟ್ ಸಂಪರ್ಕವನ್ನು ಒಪ್ಪುವುದಿಲ್ಲ, ನೆಟ್‌ವರ್ಕ್ ಸಂದೇಶ ಅಸಲಿಯೆಂದು ತೋರಿಸುವ ಗುರುತನ್ನೂ ಕೇಳುತ್ತದೆ. ಟ್ಯಾಲಿ ಡೇಟಾ ಇರುವ ಕಂಪ್ಯೂಟರ್‌ನಲ್ಲಿ ಒಂದು ಯೂಸರ್ ನೇಮ್, ಪಾಸ್‌ವರ್ಡ್ ಮಾಡಿ ಅದರಿಂದಲೇ ಒಳಬನ್ನಿ. ಭದ್ರತೆಯನ್ನೇ ಆಫ್ ಮಾಡಿಕೊಡುವ ಸುಲಭದ ದಾರಿಗೆ ಒಪ್ಪಬೇಡಿ.

ಇನ್ನೊಂದು ವಿಷಯ ತುಂಬ ಜನರ ಗಮನಕ್ಕೆ ಬರುವುದಿಲ್ಲ. ಹೊಸದಾಗಿ ಹಾಕಿದ ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಡಿಸ್ಕ್ ಎನ್‌ಕ್ರಿಪ್ಷನ್ ತಾನಾಗಿಯೇ ಶುರುವಾಗಬಹುದು. ಅದರ 48 ಅಂಕಿಯ ರಿಕವರಿ ಕೀ ಆ ಖಾತೆಯಲ್ಲಿರುತ್ತದೆ. ಗುಮಾಸ್ತರ ಸ್ವಂತ ಇಮೇಲ್ ಬಳಸಿ, ಅವರು ಕೆಲಸ ಬಿಟ್ಟ ಮೇಲೆ ಕಂಪ್ಯೂಟರ್ ಕೀ ಕೇಳಿದರೆ ಡೇಟಾ ತೆರೆಯುವುದಿಲ್ಲ. ಅಂಗಡಿಯ ಹೆಸರಿನ ಖಾತೆಯನ್ನೇ ಬಳಸಿ, ಕೀಯನ್ನು ಕಾಗದದಲ್ಲಿ ಬರೆದು ತಿಜೋರಿಯಲ್ಲಿಡಿ.

ಬದಲಾಗಲಾರದ ಕಂಪ್ಯೂಟರ್

ಪ್ರೊಸೆಸರ್ ಹಳೆಯದು, ಹೊಸದಕ್ಕೆ ಇನ್ನೂ ಹಣ ಹೊಂದಿಲ್ಲ ಎಂದಾದರೆ ವಿಂಡೋಸ್ 10ಕ್ಕೆ ವಿಸ್ತರಿತ ಭದ್ರತಾ ಅಪ್‌ಡೇಟ್ ಕೊಳ್ಳಬಹುದು. ವ್ಯಾಪಾರ ಸಂಸ್ಥೆಗಳಿಗೆ ನಿಗದಿಯಾದ ದರ ಮೊದಲ ವರ್ಷ ಒಂದು ಕಂಪ್ಯೂಟರ್‌ಗೆ 61 ಡಾಲರ್, ಪ್ರತಿ ವರ್ಷ ದುಪ್ಪಟ್ಟು, 2028ರ ಅಕ್ಟೋಬರ್‌ವರೆಗೆ ಮಾತ್ರ. ಮೂರು ವರ್ಷದ ಮೊತ್ತ 427 ಡಾಲರ್ ಆಗುತ್ತದೆ; ಆ ದುಡ್ಡನ್ನು ಹೊಸ ಕಂಪ್ಯೂಟರ್‌ಗೇ ಹಾಕುವುದು ಮೇಲು.

ಡಾಸ್ ಪ್ರೋಗ್ರಾಂ ಬಿಡಲಾಗದ ಕಂಪ್ಯೂಟರ್‌ನಿಂದ ಇಂಟರ್ನೆಟ್ ಕೇಬಲ್ ಕಿತ್ತುಬಿಡಿ, ವೈಫೈ ಆಫ್ ಮಾಡಿ. ಬ್ಯಾಂಕಿಂಗ್, ಇಮೇಲ್ ಅದರಲ್ಲಿ ಬೇಡ. ಹಳೇ ಲೆಕ್ಕವನ್ನು ವರ್ಷವಾರು ಪಿಡಿಎಫ್ ಅಥವಾ ಎಕ್ಸೆಲ್‌ಗೆ ತೆಗೆದಿಡಿ. ಜಿಎಸ್‌ಟಿ ಕಾನೂನಿನ ಪ್ರಕಾರ ಲೆಕ್ಕಪುಸ್ತಕಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಅಷ್ಟು ಕಾಲ ಆ ಹಳೇ ಕಂಪ್ಯೂಟರ್ ಬದುಕಿರುತ್ತದೆಂದು ನಂಬಿ ಕೂರುವಂತಿಲ್ಲ.