ನಾಳೆ ಇರುತ್ತಾರೋ ಇಲ್ಲವೋ: ಕೌಂಟಿ ಜೈಲಿನಲ್ಲಿ ನರ್ಸ್ ಕೆಲಸ

ಅಮೆರಿಕದ ಜೈಲಿನಲ್ಲಿ ನರ್ಸ್ ಅಂದ ಕೂಡಲೇ ಊರಿನಲ್ಲಿ ಎಲ್ಲರೂ ಕೇಳುವುದು ಒಂದೇ: ಕೊಲೆಗಾರರ ಮಧ್ಯೆ ಭಯ ಆಗಲ್ವಾ? ನನ್ನ ಕೆಲಸದಲ್ಲಿ ಭಯಕ್ಕಿಂತ ಹೆಚ್ಚು ಕಾಡುವುದು ಸಮಯ. ನಾನಿರುವುದು ಉತ್ತರ ಕ್ಯಾಲಿಫೋರ್ನಿಯಾದ ಒಂದು ಕೌಂಟಿ ಜೈಲಿನಲ್ಲಿ. ವರ್ಷಗಟ್ಟಲೆ ಶಿಕ್ಷೆ ಅನುಭವಿಸುವವರಿಗೆ ರಾಜ್ಯ ಸರ್ಕಾರದ ಕಾರಾಗೃಹಗಳು ಬೇರೆ ಇವೆ. ಇಲ್ಲಿಗೆ ಬರುವವರು ಬಹುಪಾಲು ಇನ್ನೂ ಅಪರಾಧ ಸಾಬೀತಾಗದವರು, ನಮ್ಮ ಕಡೆಯ ಮಾತಿನಲ್ಲಿ ವಿಚಾರಣಾಧೀನ ಕೈದಿಗಳು. ಜಾಮೀನು ಸಿಕ್ಕಿದರೆ ಇವತ್ತು ರಾತ್ರಿಯೇ ಹೋದರು, ಜಡ್ಜ್ ಬಿಡಿ ಅಂದರೆ ನಾಳೆ ಹೋದರು. ಯಾರು ಯಾವಾಗ ಹೋಗುತ್ತಾರೆ ಅಂತ ನಮಗೆ ಮೊದಲೇ ಯಾರೂ ಹೇಳುವುದಿಲ್ಲ. ಮಂಗಳೂರಿನಲ್ಲಿ ಆಸ್ಪತ್ರೆಯ ವಾರ್ಡಿನಲ್ಲಿದ್ದಾಗ ಡಿಸ್ಚಾರ್ಜ್ ತಾರೀಖು ನೋಡಿಕೊಂಡು ಕೆಲಸ ಹಂಚಿಕೊಳ್ಳುತ್ತಿದ್ದೆ. ಇಲ್ಲಿ ಆ ತಾರೀಖೇ ಇಲ್ಲ. ಹಾಗಾಗಿ ಮಾಡಬೇಕಾದದ್ದನ್ನೆಲ್ಲ ಬಾಗಿಲಲ್ಲೇ ಶುರು ಮಾಡಬೇಕು ಅನ್ನುವುದು ನಾನು ಇಲ್ಲಿ ಕಲಿತ ಕಸುಬು.

ಕೌಂಟಿ ಅಂದರೆ ಹೆಚ್ಚುಕಮ್ಮಿ ಜಿಲ್ಲೆ. ಬಹುತೇಕ ಕಡೆ ಜೈಲು ಶೆರಿಫ್ ಕೈಯಲ್ಲಿರುತ್ತದೆ. ಶೆರಿಫ್ ಚುನಾವಣೆಯಲ್ಲಿ ಗೆದ್ದು ಬರುವವರು. ನಮ್ಮ ಎಸ್ಪಿ ಸಾಹೇಬರು ಕೈಮುಗಿದು ವೋಟು ಕೇಳಿಕೊಂಡು ಮನೆ ಬಾಗಿಲಿಗೆ ಬಂದ ಹಾಗೆ ಅಂದುಕೊಳ್ಳಿ. ಒಳಗೆ ಕಾವಲು, ಎಣಿಕೆ, ಯಾರನ್ನು ಯಾವ ಪಾಡ್‌ನಲ್ಲಿ, ಅಂದರೆ ಯಾವ ಕೋಣೆಗಳ ಗುಂಪಿನಲ್ಲಿ, ಇಡಬೇಕು ಅನ್ನುವುದು, ಎಲ್ಲ ಶೆರಿಫ್ ಕೈಕೆಳಗಿನ ಡೆಪ್ಯುಟಿಗಳ ಕೆಲಸ. ಆರೋಗ್ಯ ವಿಭಾಗ ಕೆಲವು ಕೌಂಟಿಗಳಲ್ಲಿ ಕೌಂಟಿಯದ್ದೇ, ಕೆಲವು ಕಡೆ ಗುತ್ತಿಗೆ ಕಂಪನಿಗಳದ್ದು. ಅವರ ದೊರೆ ಬೇರೆ, ನಮ್ಮ ದೊರೆ ಬೇರೆ. ಇದು ಒಳ್ಳೆಯದೇ ಅಂತ ನನ್ನ ಅಭಿಪ್ರಾಯ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಪೊಲೀಸ್ ಕಾರು ಒಳಗೆ ಬಂದು ಹಿಂದಿನ ಗೇಟು ಮುಚ್ಚಿದ ಮೇಲೆ ಮುಂದಿನ ಬಾಗಿಲು ತೆರೆಯುತ್ತದೆ. ಹಿಡಿದು ತಂದವರನ್ನು ಬೆಂಚಿನ ಮೇಲೆ ಕೂರಿಸುತ್ತಾರೆ. ಬೆರಳಚ್ಚು, ಫೋಟೋ, ಬಟ್ಟೆ ಬದಲಾವಣೆಗಿಂತ ಮುಂಚೆ ಅವರು ನನ್ನ ಮುಂದೆ ಬರುತ್ತಾರೆ. ಕ್ಯಾಲಿಫೋರ್ನಿಯಾದ ಜೈಲುಗಳಿಗೆ ಟೈಟಲ್ 15 ಎಂಬ ಕನಿಷ್ಠ ನಿಯಮಾವಳಿ ಇದೆ, ಅದರ ಪ್ರಕಾರ ಬಂದವರಿಗೆಲ್ಲ ವೈದ್ಯಕೀಯ ತಪಾಸಣೆ ಆಗಲೇಬೇಕು. ಇಡೀ ಜೈಲಿನಲ್ಲಿ ನನಗಿರುವ ದೊಡ್ಡ ಅಧಿಕಾರವೂ ಇದೇ ಕುರ್ಚಿಯಲ್ಲಿದೆ: “ಇವರನ್ನು ನಾನು ತಗೊಳ್ಳಲ್ಲ” ಅನ್ನಬಹುದು. ಎದೆನೋವು, ತಲೆಗೆ ಪೆಟ್ಟು, ಎಬ್ಬಿಸಿದರೂ ಸರಿಯಾಗಿ ಏಳದಷ್ಟು ಅಮಲು, ಪೊಲೀಸರನ್ನು ಕಂಡು ಮಾದಕದ ಪೊಟ್ಟಣ ನುಂಗಿಬಿಟ್ಟಿರುವ ಅನುಮಾನ, ಹೀಗಿದ್ದರೆ ಮೊದಲು ಆಸ್ಪತ್ರೆ, ಆಮೇಲೆ ಜೈಲು. ಹಾಗೆ ಅಂದರೆ ಕರೆತಂದ ಅಧಿಕಾರಿ ತುರ್ತು ವಿಭಾಗದಲ್ಲಿ ಗಂಟೆಗಟ್ಟಲೆ ಕಾಯಬೇಕು. ಮುಖ ಸಿಂಡರಿಸುತ್ತಾರೆ, ಗೊಣಗುತ್ತಾರೆ. ನನ್ನ ಸಂಬಳ ಅವರ ಇಲಾಖೆಯಿಂದ ಬರುತ್ತಿದ್ದರೆ ಇಷ್ಟು ಸಲೀಸಾಗಿ ಇಲ್ಲ ಅನ್ನುತ್ತಿದ್ದೆನೋ ಏನೋ.

ಫಾರ್ಮಿನಲ್ಲಿರುವ ಪ್ರಶ್ನೆಗಳನ್ನು ಹಾಗೇ ಓದಿದರೆ ಹಾಗೇ ಉತ್ತರ ಬರುತ್ತದೆ. ಕುಡೀತೀರಾ? ಇಲ್ಲ. ಡ್ರಗ್ಸ್? ಇಲ್ಲ. ಪಕ್ಕದಲ್ಲೇ ಯೂನಿಫಾರ್ಮ್ ನಿಂತಿರುವಾಗ ಯಾರು ಹೌದು ಅನ್ನುತ್ತಾರೆ? ಡೆಪ್ಯುಟಿಯನ್ನು ಕಣ್ಣಿಗೆ ಕಾಣುವ, ಕಿವಿಗೆ ಕೇಳಿಸದ ದೂರಕ್ಕೆ ಕಳಿಸುವುದು ನನ್ನ ಮೊದಲ ಕೆಲಸ. ಎರಡನೆಯದು, ಕೇಸಿನ ಸುದ್ದಿ ನನಗೆ ಬೇಡ ಅಂತ ಹೇಳಿಬಿಡುವುದು. ಮೂರನೆಯದು, “ಕುಡೀತೀರಾ” ಅನ್ನುವ ಬದಲು “ಕೊನೇ ಸಲ ಕುಡಿದದ್ದು ಎಷ್ಟು ಹೊತ್ತಿಗೆ? ಬಿಟ್ಟಾಗ ಯಾವತ್ತಾದರೂ ಫಿಟ್ಸ್ ಬಂದಿತ್ತಾ?” ಅಂತ ಕೇಳುವುದು. ಈ ಕೊನೆಯ ಪ್ರಶ್ನೆಗೆ ಹೌದು ಅಂದವರನ್ನು ನಾನು ಕಣ್ಣಿಂದ ಆಚೆ ಬಿಡುವುದಿಲ್ಲ. ದಿನಾ ವಿಪರೀತ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಆರೇಳು ಗಂಟೆಯಲ್ಲೇ ಕೈ ನಡುಗತೊಡಗುತ್ತದೆ, ಮೊದಲೆರಡು ದಿನಗಳೊಳಗೆ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದ ನಡುವೆ ಭ್ರಮೆ ಹಿಡಿದು ಜೀವಕ್ಕೇ ಕುತ್ತು ಬರಬಹುದು. ಹೆರಾಯಿನ್, ಫೆಂಟನಿಲ್ ಬಿಟ್ಟವರು ಸತ್ತೇಹೋಗುತ್ತೇನೆ ಅಂತ ಕಿರುಚುತ್ತಾರೆ. ವಾಂತಿ ಭೇದಿಯಿಂದ ನೀರು ಆರಿಹೋಗದಂತೆ ನೋಡಿಕೊಂಡರೆ ಅವರು ಸಾಮಾನ್ಯವಾಗಿ ಬದುಕುತ್ತಾರೆ. ಸುಮ್ಮನೆ ಮೂಲೆಯಲ್ಲಿ ಬೆವರುತ್ತ ಕೂತ ಕುಡುಕನ ಬಗ್ಗೆಯೇ ನನಗೆ ಹೆಚ್ಚು ಹೆದರಿಕೆ.

ಆತ್ಮಹತ್ಯೆಯ ಪ್ರಶ್ನೆಯನ್ನೂ ಸುತ್ತಿ ಬಳಸಿ ಕೇಳುವುದಿಲ್ಲ. ಇಲ್ಲಿನ ಸ್ಥಳೀಯ ಜೈಲುಗಳಲ್ಲಿ ಸಾವಿನ ಕಾರಣಗಳಲ್ಲಿ ಬಹಳ ವರ್ಷಗಳಿಂದ ಮೊದಲ ಸ್ಥಾನ ಆತ್ಮಹತ್ಯೆಯದ್ದೇ. ಹಳೇ ಹುಲಿಗಳಿಗಿಂತ ಹೆಚ್ಚು ಅಪಾಯದಲ್ಲಿರುವವರು ಮೊದಲ ಸಲ ಒಳಗೆ ಬಂದವರು, ಕೆಲಸ, ಮರ್ಯಾದೆ, ಮನೆ ಎಲ್ಲ ಇದ್ದವರು. “ಸಾಯಬೇಕು ಅನ್ನಿಸ್ತಿದೆಯಾ?” ಅಂತ ನೇರವಾಗಿ ಕೇಳುತ್ತೇನೆ. ಕೇಳಿದರೆ ತಲೆಗೆ ಆ ಯೋಚನೆ ಬರುತ್ತದೆ ಅನ್ನುವುದು ಸುಳ್ಳು. ಹೌದು ಅಂದರೆ ಸುರಕ್ಷಾ ಕೋಣೆ, ಹರಿಯಲಾಗದ ದಪ್ಪ ನಿಲುವಂಗಿ, ಅರ್ಧ ಗಂಟೆಗೆ ಎರಡು ಸಲ ಕಣ್ಣಾರೆ ನೋಡಿ ಬರೆದಿಡುವ ಕಾವಲು. ಆ ಕೋಣೆ ಮನಸ್ಸಿಗೆ ಹಿತವಾದ ಜಾಗವೇನಲ್ಲ. ಆದಷ್ಟು ಬೇಗ ಮನೋವೈದ್ಯರಿಗೆ ತೋರಿಸಿ ಹೊರಗೆ ತರಬೇಕು ಅಂತ ನಾವು ಬೆನ್ನು ಹತ್ತುವುದೂ ಅದಕ್ಕೇ.

ಸಮಯದ ಲೆಕ್ಕ ಎಷ್ಟು ಕೆಡುತ್ತದೆ ಅನ್ನುವುದಕ್ಕೆ ಕ್ಷಯರೋಗದ ಚರ್ಮ ಪರೀಕ್ಷೆಯನ್ನೇ ನೋಡಿ. ಇವತ್ತು ತೋಳಿಗೆ ಚುಚ್ಚಿದರೆ ಫಲಿತಾಂಶ ಓದುವುದು 48ರಿಂದ 72 ಗಂಟೆಯೊಳಗೆ. ಬಂಧಿಸಿದವರನ್ನು ಭಾನುವಾರ, ರಜೆ ಬಿಟ್ಟು 48 ಗಂಟೆಯೊಳಗೆ ಜಡ್ಜ್ ಮುಂದೆ ನಿಲ್ಲಿಸಬೇಕು ಅಂತ ಇಲ್ಲಿನ ಕಾನೂನು. ಎರಡೂ ಗಡಿಯಾರ ಒಟ್ಟಿಗೇ ಓಡುತ್ತವೆ. ನಾನು ತೋಳು ನೋಡಲು ಹೋಗುವ ಹೊತ್ತಿಗೆ ತೋಳಿನ ಯಜಮಾನರು ಮನೆಯಲ್ಲಿರುತ್ತಾರೆ. ಒಂದೇ ಸಲ ರಕ್ತ ತೆಗೆದು ಮುಗಿಸುವ ಪರೀಕ್ಷೆ ದುಬಾರಿಯಾದರೂ ಜೈಲಿಗೆ ಅದೇ ಸರಿ. ಅಲ್ಲದೆ ನಮ್ಮಂತೆ ಬಿಸಿಜಿ ಲಸಿಕೆ ಹಾಕಿಸಿಕೊಂಡವರಲ್ಲಿ ಚರ್ಮ ಪರೀಕ್ಷೆ ಸುಮ್ಮನೆ ಪಾಸಿಟಿವ್ ತೋರಿಸುವುದುಂಟು, ರಕ್ತ ಪರೀಕ್ಷೆಗೆ ಆ ಗೊಂದಲವಿಲ್ಲ.

ಅದೇ ಕಾರಣಕ್ಕೆ ಇನ್‌ಟೇಕ್‌ನಲ್ಲೇ, ಅಂದರೆ ಬಾಗಿಲಲ್ಲಿನ ಆ ಮೊದಲ ತಪಾಸಣೆಯಲ್ಲೇ, ಹೊರಗಿನ ಔಷಧಿ ಅಂಗಡಿಯ ಹೆಸರು ಕೇಳಿ ಬರೆದುಕೊಳ್ಳುತ್ತೇನೆ. “ಬಿಳಿ ಮಾತ್ರೆ, ಉದ್ದಗಿರತ್ತೆ” ಅನ್ನುವುದರಿಂದ ಡಾಕ್ಟರ್ ಏನನ್ನೂ ಬರೆಯಲಾರರು. ಅಂಗಡಿಗೆ ಫೋನ್ ಮಾಡಿದರೆ ಹತ್ತು ನಿಮಿಷದಲ್ಲಿ ಹೆಸರು, ಡೋಸ್, ಕೊನೆಯ ಸಲ ತೆಗೆದುಕೊಂಡ ತಾರೀಖು ಸಿಗುತ್ತದೆ. ನೋವಿನ, ನಿದ್ದೆಯ ಮಾತ್ರೆಗಳಾದರೆ ಕ್ಯೂರ್ಸ್ ಎಂಬ ರಾಜ್ಯದ ದಾಖಲೆಯಲ್ಲಿ ನೋಡಬಹುದು. ಫಿಟ್ಸ್ ಮಾತ್ರೆ, ಎಚ್‌ಐವಿ ಮಾತ್ರೆ, ರಕ್ತ ತೆಳು ಮಾಡುವ ಮಾತ್ರೆ, ಇನ್ಸುಲಿನ್, ಇವು ಒಂದು ಹೊತ್ತೂ ತಪ್ಪಬಾರದು. ಕೊಲೆಸ್ಟರಾಲ್ ಮಾತ್ರೆ ನಾಳೆ ಕೊಟ್ಟರೂ ನಡೆಯುತ್ತದೆ.

ಒಳಗಿನ ದಿನಚರಿ ಬೇರೆಯದೇ ಲೋಕ. ನಮ್ಮಲ್ಲಿ ಬೆಳಗಿನ ಜಾವ ನಾಲ್ಕಕ್ಕೇ ತಿಂಡಿ. ಕೋರ್ಟಿಗೆ ಹೋಗುವವರನ್ನು ಆಗಲೇ ಎಬ್ಬಿಸಿ ಬಸ್ಸಿಗೆ ಸಾಲು ನಿಲ್ಲಿಸಬೇಕು. ಆ ಹೊತ್ತಿಗೆ ನಾನು ಸಕ್ಕರೆ ನೋಡಿ ಇನ್ಸುಲಿನ್ ಕೊಟ್ಟಿರಬೇಕು, ಕೊಟ್ಟಮೇಲೆ ಅವರು ತಿಂದರೋ ಅಂತಲೂ ನೋಡಬೇಕು. ಮಧ್ಯಾಹ್ನ ಅವರಿರುವುದು ಕೋರ್ಟಿನ ಕೆಳಗಿನ ಕೋಣೆಯಲ್ಲಿ, ಕೈಯಲ್ಲಿ ಕಾಗದದ ಚೀಲದ ಊಟ. ಸಕ್ಕರೆ ಇಳಿದರೆ ಪಕ್ಕದಲ್ಲಿ ನರ್ಸ್ ಇರುವುದಿಲ್ಲ. ಅದಕ್ಕೆ ಚೀಟಿ ಬರೆದು ಡೆಪ್ಯುಟಿ ಕೈಗೆ ಕೊಡುತ್ತೇನೆ, ಜೊತೆಗೆ ಗ್ಲೂಕೋಸ್ ಮಾತ್ರೆ. ನಿಯಮದ ಪ್ರಕಾರ ದಿನಕ್ಕೆ ಮೂರು ಊಟ, ಅದರಲ್ಲಿ ಒಂದಾದರೂ ಬಿಸಿ. ಬಾಯಿಗೆ ರುಚಿ ಬೇಕಾದವರು ಕ್ಯಾಂಟೀನಿನಿಂದ ರಾಮೆನ್ ನೂಡಲ್ಸ್ ತರಿಸಿಕೊಳ್ಳುತ್ತಾರೆ. ಅದು ತಿನ್ನುವ ವಸ್ತುವೂ ಹೌದು, ಒಳಗೆ ನಡೆಯುವ ನಾಣ್ಯವೂ ಹೌದು. ಇಸ್ಪೀಟಿನ ಬಾಜಿಯಿಂದ ಹಿಡಿದು ಕ್ಷೌರದವರೆಗೆ ಎಲ್ಲಕ್ಕೂ ಅದೇ ದರ. ಅದರ ಉಪ್ಪೆಲ್ಲ ಬಂದು ಕೂರುವುದು ನನ್ನ ಬಿಪಿ ಪಟ್ಟಿಯಲ್ಲಿ.

ಮಾತ್ರೆ ಹಂಚುವಾಗ ಗಾಡಿ ತಳ್ಳಿಕೊಂಡು ಪಾಡ್‌ನಿಂದ ಪಾಡ್‌ಗೆ ಹೋಗುತ್ತೇನೆ, ಡೆಪ್ಯುಟಿ ಜೊತೆಗಿರುತ್ತಾರೆ. ಕೈಪಟ್ಟಿ ನೋಡು, ಮಾತ್ರೆ ಕೊಡು, ನೀರು ಕೊಡು, ಬಾಯಿ ತೆರೆಸಿ ನಾಲಿಗೆ ಎತ್ತಿಸು. ಕೆನ್ನೆಯೊಳಗೆ ಬಚ್ಚಿಟ್ಟ ಮಾತ್ರೆಗೆ ಒಳಗೆ ಒಳ್ಳೆಯ ಬೆಲೆಯಿದೆ, ನರನೋವಿಗೆ ಕೊಡುವ ಗ್ಯಾಬಪೆಂಟಿನ್‌ನಂಥದ್ದಕ್ಕೂ. ಬೇರೆ ತೊಂದರೆಗಳಿಗೆ ಚೀಟಿ ಬರೆದು ಹಾಕಿದರೆ ನರ್ಸ್ ಕರೆಸಿ ನೋಡುತ್ತಾರೆ. ಹಿಂದೆ ಪ್ರತಿ ಭೇಟಿಗೆ ಮೂರು ಡಾಲರ್‌ವರೆಗೆ ಶುಲ್ಕ ಹಾಕಲು ಅವಕಾಶವಿತ್ತು, 2020ರಿಂದ ರಾಜ್ಯ ಅದನ್ನು ತೆಗೆದುಹಾಕಿತು. ಮೂರು ಡಾಲರ್ ಉಳಿಸಲು ಹುಣ್ಣು ಮುಚ್ಚಿಟ್ಟುಕೊಂಡು ಕೀವು ತುಂಬಿಸಿಕೊಳ್ಳುವವರು ಇರುತ್ತಾರೆ ಅನ್ನುವುದು ಶುಲ್ಕ ಹಾಕಿದವರಿಗೆ ಹೊಳೆದಿರಲಿಲ್ಲ ಅಂತ ಕಾಣುತ್ತದೆ. ಕೈದಿಯ ಗಂಭೀರ ಕಾಯಿಲೆಯನ್ನು ಗೊತ್ತಿದ್ದೂ ಕಡೆಗಣಿಸುವುದು ಸಂವಿಧಾನಕ್ಕೆ ವಿರುದ್ಧ ಅಂತ ಇಲ್ಲಿನ ಸುಪ್ರೀಂ ಕೋರ್ಟ್ 1976ರಲ್ಲೇ ಹೇಳಿದೆ. ನಮ್ಮ ವಿಭಾಗ ನಿಂತಿರುವುದೇ ಆ ತೀರ್ಪಿನ ಮೇಲೆ.

ಗ್ರಂಥಾಲಯ, ಹೈಸ್ಕೂಲ್ ಮುಗಿಸದವರಿಗೆ ಪರೀಕ್ಷೆಯ ಪಾಠ, ಪಾದ್ರಿ, ಇಮಾಮ್, ವಾರದ ಭೇಟಿ, ಕಾಸಿಲ್ಲದವರಿಗೆ ಅಂಚೆ ವೆಚ್ಚ, ಎಲ್ಲವೂ ಇವೆ. ವಿಚಾರಣೆ ಮುಗಿಯದವರು ಒಳಗಿನಿಂದಲೇ ವೋಟು ಹಾಕಬಹುದು ಅನ್ನುವುದು ನನಗೆ ಹೊಸದಾಗಿತ್ತು. ನಮ್ಮ ದೇಶದಲ್ಲಿ ಜೈಲಿನಲ್ಲಿರುವವರಿಗೆ ಆ ಹಕ್ಕಿಲ್ಲ.

2011ರ ನಂತರ ಚಿತ್ರ ಸ್ವಲ್ಪ ಬದಲಾಯಿತು. ರಾಜ್ಯದ ಕಾರಾಗೃಹಗಳಲ್ಲಿ ಜನ ಕಿಕ್ಕಿರಿದಿದ್ದಾರೆ, ಕಡಿಮೆ ಮಾಡಿ ಅಂತ ಸುಪ್ರೀಂ ಕೋರ್ಟ್ ಹೇಳಿದ ವರ್ಷವೇ ಎಬಿ 109 ಎಂಬ ಕಾಯ್ದೆ ಬಂದು, ಅಷ್ಟೇನೂ ಗಂಭೀರವಲ್ಲದ ಅಪರಾಧಗಳ ಶಿಕ್ಷೆಯನ್ನು ಕೌಂಟಿ ಜೈಲಿನಲ್ಲೇ ಅನುಭವಿಸಬೇಕು ಅಂತಾಯಿತು. ಒಂದು ವರ್ಷದೊಳಗಿನ ವಾಸಕ್ಕೆ ಅಂತ ಕಟ್ಟಿದ ಕಟ್ಟಡಗಳಲ್ಲಿ ಈಗ ಹಲವು ವರ್ಷ ಇರುವವರೂ ಇದ್ದಾರೆ. ಅವರ ಸಕ್ಕರೆ, ಹಲ್ಲು, ಯಕೃತ್ತು ಎಲ್ಲಕ್ಕೂ ನಿಧಾನವಾಗಿ ಚಿಕಿತ್ಸೆ ಕೊಡಬಹುದು. ಬಿಡುಗಡೆಯ ತಾರೀಖು ಗೊತ್ತಿರುವ ರೋಗಿ ಸಿಕ್ಕರೆ ನನಗೆ ಹಬ್ಬ.

ಉಳಿದವರ ಬಿಡುಗಡೆಯೇ ತಲೆನೋವು. ಕೋರ್ಟಿನಲ್ಲಿ ಮಧ್ಯಾಹ್ನ ಬಿಡಿ ಅಂದರೆ ಕಾಗದ ಜೈಲಿಗೆ ಬಂದು, ಬೇರೆ ಕೇಸು ಇದೆಯಾ ನೋಡಿ, ಬಟ್ಟೆ ಕೊಟ್ಟು ಕಳಿಸುವಾಗ ರಾತ್ರಿಯಾಗುತ್ತದೆ. ಫೆಂಟನಿಲ್ ಚಟವಿದ್ದವರಿಗೆ ಆ ರಾತ್ರಿಯೇ ಅಪಾಯ: ಒಳಗಿದ್ದ ದಿನಗಳಲ್ಲಿ ದೇಹದ ತಾಳಿಕೆ ಇಳಿದಿರುತ್ತದೆ, ಕೈ ಮಾತ್ರ ಹಳೆಯ ಪ್ರಮಾಣವನ್ನೇ ತೆಗೆದುಕೊಳ್ಳುತ್ತದೆ. ವಾಷಿಂಗ್ಟನ್ ರಾಜ್ಯದ ಕಾರಾಗೃಹಗಳಿಂದ ಹೊರಬಂದವರ ಮೇಲೆ ನಡೆದ, 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ಎರಡು ವಾರಗಳಲ್ಲಿ ಮಾದಕದ ಅತಿಸೇವನೆಯಿಂದ ಸಾಯುವ ಸಂಭವ ಸಾಮಾನ್ಯ ಜನರಿಗಿಂತ 129 ಪಟ್ಟು ಇತ್ತು. ಆದ್ದರಿಂದ ಚಟದ ಹಂಬಲ, ಸಂಕಟ ತಗ್ಗಿಸುವ ಬುಪ್ರೆನಾರ್ಫಿನ್ ಚಿಕಿತ್ಸೆಯನ್ನು ನಾಳೆ ನೋಡೋಣ ಅನ್ನುವುದಿಲ್ಲ. ವಿತ್‌ಡ್ರಾಯಲ್, ಅಂದರೆ ಚಟ ಬಿಟ್ಟಾಗಿನ ಸಂಕಟದ ಲಕ್ಷಣಗಳಿಗೆ ಅಂಕ ಕೊಡುತ್ತ ಕಾಯುತ್ತೇವೆ, ತೀರಾ ಮುಂಚೆ ಕೊಟ್ಟರೆ ಔಷಧಿಯೇ ಸಂಕಟ ಹೆಚ್ಚಿಸುತ್ತದೆ. ಅಂಕ ಸಾಕಷ್ಟು ಬಂದ ಕೂಡಲೇ ಶುರು. ಒಪ್ಪಿದವರಿಗೆ ತಿಂಗಳಿಡೀ ಕೆಲಸ ಮಾಡುವ ಇಂಜೆಕ್ಷನ್, ಯಾವ ಗಳಿಗೆಯಲ್ಲಿ ಗೇಟು ತೆರೆದರೂ ಔಷಧಿ ಮೈಯಲ್ಲೇ ಇರುತ್ತದೆ. ಅತಿಸೇವನೆಯಾದಾಗ ಜೀವ ಉಳಿಸುವ ನಲೋಕ್ಸೋನ್ ಮೂಗಿನ ಸ್ಪ್ರೇಯನ್ನು ಅವರ ಸಾಮಾನಿನ ಚೀಲದಲ್ಲಿ ಮೊದಲೇ ಇಡಿಸುತ್ತೇವೆ.

1965ರಿಂದ ಮೆಡಿಕೇಡ್ (ಕಡಿಮೆ ಆದಾಯದವರಿಗೆ ಸರ್ಕಾರದ ಆರೋಗ್ಯ ವಿಮೆ) ಕಾನೂನು ಜೈಲಿನೊಳಗಿನ ಚಿಕಿತ್ಸೆಗೆ ದುಡ್ಡು ಕೊಡುವುದಿಲ್ಲ, ಖರ್ಚೆಲ್ಲ ಕೌಂಟಿಯ ತಲೆಗೆ. 2023ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾಕ್ಕೆ, ರಾಜ್ಯಗಳಲ್ಲೇ ಮೊದಲಿಗೆ, ಬಿಡುಗಡೆಗೆ ಮುಂಚಿನ 90 ದಿನಗಳ ಕೆಲವು ಸೇವೆಗಳಿಗೆ ಆ ಹಣ ಬಳಸಲು ಅನುಮತಿ ಸಿಕ್ಕಿತು. ಬಿಡುಗಡೆಯ ದಿನವೇ ಗೊತ್ತಿಲ್ಲದವರಿಗೆ 90 ದಿನ ಹಿಂದಕ್ಕೆ ಎಣಿಸುವುದು ಹೇಗೆ ಅಂತ ನಾವು ನಕ್ಕಿದ್ದೂ ಉಂಟು. ಉತ್ತರ ಸರಳವಿದೆ: ಬಂದ ದಿನದಿಂದಲೇ ಎಣಿಸುವುದು.

ಅಪರೂಪಕ್ಕೆ ನಮ್ಮವರೂ ಬರುತ್ತಾರೆ, ಹೆಚ್ಚಾಗಿ ಪಾರ್ಟಿ ಮುಗಿಸಿ ಕಾರು ಓಡಿಸಿದವರು ಅಥವಾ ಗಂಡ ಹೆಂಡತಿ ಜಗಳಕ್ಕೆ ನೆರೆಯವರು ಪೊಲೀಸರನ್ನು ಕರೆದದ್ದು. ನನ್ನ ಬಾಯಲ್ಲಿ ಕನ್ನಡ ಬಂದ ಕೂಡಲೇ “ಅಕ್ಕಾ, ವೀಸಾಗೆ ತೊಂದ್ರೆ ಆಗುತ್ತಾ? ಆಫೀಸಿಗೆ ಗೊತ್ತಾಗುತ್ತಾ?” ಅಂತ ಶುರುವಾಗುತ್ತದೆ. “ನೋಡಪ್ಪಾ, ಕೇಸಿನ ವಿಷಯ ವಕೀಲರ ಹತ್ರ ಮಾತಾಡು. ನನ್ನ ಹತ್ರ ಮಾತ್ರೆ, ಕಾಯಿಲೆ ಅಷ್ಟೇ ಹೇಳು” ಅನ್ನುತ್ತೇನೆ. ಪರಿಚಯದ ಮನೆಯವರಾದರೆ ಮೇಲ್ವಿಚಾರಕರಿಗೆ ತಿಳಿಸಿ ಆ ಫೈಲು ಬೇರೆಯವರಿಗೆ ಬಿಡುತ್ತೇನೆ. ವಿದೇಶಿ ಪ್ರಜೆಯಾಗಿದ್ದರೆ, ತಮ್ಮ ದೇಶದ ಕಾನ್ಸುಲೇಟಿಗೆ ತಿಳಿಸಿ ಅಂತ ಕೇಳುವ ಹಕ್ಕು ವಿಯೆನ್ನಾ ಒಪ್ಪಂದದಿಂದ ಬಂದದ್ದು, ಇದು ಅನೇಕರಿಗೆ ಗೊತ್ತೇ ಇರುವುದಿಲ್ಲ. ಬಂಧನವಾದ ಮೂರು ಗಂಟೆಯೊಳಗೆ ಮೂರು ಫೋನ್ ಕರೆಗಳ ಹಕ್ಕೂ ಇದೆ. ತೊಂದರೆ ಏನೆಂದರೆ ಮೊಬೈಲ್ ಸಾಮಾನಿನ ಚೀಲ ಸೇರಿರುತ್ತದೆ, ಹೆಂಡತಿಯ ನಂಬರ್ ಯಾರಿಗೂ ಬಾಯಿಪಾಠ ಇಲ್ಲ. ಎರಡು ನಂಬರ್ ಕಲಿತಿಟ್ಟುಕೊಳ್ಳಿ.

ಮನೆಯವರಿಗೆ ಇನ್ನೊಂದು ಮಾತು. ಮನೆಯಿಂದ ಮಾತ್ರೆ ತಂದು ಜೈಲಿನ ಕಿಟಕಿಯಲ್ಲಿ ಕೊಟ್ಟರೆ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ, ಜಗಳವಾಡಿ ಪ್ರಯೋಜನವಿಲ್ಲ. ಜೈಲಿಗೆ ಫೋನ್ ಮಾಡಿ ಮೆಡಿಕಲ್ ವಿಭಾಗ ಕೇಳಿ, ಪೂರ್ತಿ ಹೆಸರು, ಹುಟ್ಟಿದ ತಾರೀಖು, ಬುಕಿಂಗ್ ನಂಬರ್ ಹೇಳಿ. ಕಾಯಿಲೆ, ಮಾತ್ರೆಯ ಹೆಸರು, ಔಷಧಿ ಅಂಗಡಿಯ ನಂಬರ್, ಹಿಂದೆ ಯಾವಾಗಲಾದರೂ ಸಾಯುವ ಮಾತಾಡಿದ್ದರೆ ಅದನ್ನೂ ಹೇಳಿ. ರೋಗಿಯ ಒಪ್ಪಿಗೆ ಇಲ್ಲದೆ ನಾವು ನಿಮಗೆ ಅವರ ಆರೋಗ್ಯದ ಬಗ್ಗೆ ಏನನ್ನೂ ತಿಳಿಸುವ ಹಾಗಿಲ್ಲ, ಹುಷಾರಾಗಿದ್ದಾರೆಯೇ ಅಂತ ಕೇಳಿದರೂ ಸುಮ್ಮನಿರುತ್ತೇವೆ. ಆದರೆ ನೀವು ಹೇಳುವುದನ್ನು ಕೇಳಿ ಬರೆದುಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಕರೆ ಮಾಡುವುದಾದರೆ ಆ ರಾತ್ರಿಯೇ ಮಾಡಿ.