ಕುದುರೆಮುಖ ಚಾರಣ: ಇಳಿಯುವ ಹೊತ್ತಿನಿಂದ ಹಿಡಿದ ಲೆಕ್ಕ

ಕುದುರೆಮುಖ ಶಿಖರಕ್ಕೆ ಹೋಗಬೇಕೆಂದಿರುವವರು ನನ್ನನ್ನು ಸಾಮಾನ್ಯವಾಗಿ ಕೇಳುವುದು ಬೆಳಿಗ್ಗೆ ಎಷ್ಟು ಗಂಟೆಗೆ ಹೊರಡಬೇಕೆಂದು. ಸ್ನೇಹಿತರ ಸಣ್ಣ ಗುಂಪುಗಳನ್ನು ಕರೆದುಕೊಂಡು ಈ ದಾರಿಯಲ್ಲಿ ನಡೆಯುತ್ತ ಬಂದಿರುವ ನಾನು ಲೆಕ್ಕ ಹಾಕಲು ತೊಡಗುವುದು ಇನ್ನೊಂದು ತುದಿಯಿಂದ, ಅಂದರೆ ಸಂಜೆ ಎಷ್ಟು ಗಂಟೆಯೊಳಗೆ ಕಾಡಿನಿಂದ ಹೊರಗಿರಬೇಕು ಎಂಬಲ್ಲಿಂದ. ಇದು 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ, ಸುಮಾರು 600 ಚದರ ಕಿಲೋಮೀಟರ್ ವಿಸ್ತಾರದ ಅರಣ್ಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಲ್ಲಿಗೆ ಅನುಮತಿಯಿಲ್ಲದೆ ಪ್ರವೇಶಿಸುವಂತಿಲ್ಲ. ದೊರೆಯುವ ಅನುಮತಿಯೂ ಹಗಲಿನ ನಡಿಗೆಗೆ ಮಾತ್ರ. ರಾತ್ರಿ ಡೇರೆ ಹಾಕುವ ಮಾತೇ ಇಲ್ಲದಿರುವುದರಿಂದ, ಏರುವುದೂ ಇಳಿಯುವುದೂ ಒಂದೇ ದಿನದ ಬೆಳಕಿನಲ್ಲಿ ಮುಗಿಯಬೇಕು.

ಅನುಮತಿಯ ವಿಚಾರವನ್ನು ಬೇಗ ಹೇಳಿಬಿಡುತ್ತೇನೆ. 2024ರ ಜನವರಿಯಲ್ಲಿ ಪುಷ್ಪಗಿರಿ ವನ್ಯಜೀವಿ ಧಾಮದ ಕುಮಾರಪರ್ವತಕ್ಕೆ ಒಂದೇ ವಾರಾಂತ್ಯದಲ್ಲಿ ಸಾವಿರಾರು ಮಂದಿ ನುಗ್ಗಿದ ಮೇಲೆ ರಾಜ್ಯದ ಚಾರಣಪಥಗಳಿಗೆ ಕಡಿವಾಣ ಬಿತ್ತು. ಅದೇ ವರ್ಷದ ಅಕ್ಟೋಬರಿನಿಂದ ‘ಅರಣ್ಯ ವಿಹಾರ’ ಎಂಬ ಸರ್ಕಾರಿ ಜಾಲತಾಣದ ಮೂಲಕ, ಒಂದು ಪಥಕ್ಕೆ ದಿನಕ್ಕೆ 300 ಮಂದಿಯ ಮಿತಿಯಲ್ಲಿ, ಮುಂಗಡ ಕಾದಿರಿಸುವ ವ್ಯವಸ್ಥೆ ಬಂದಿತು. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯದಿಂದಲೂ, ಮಳೆಯ ಅಬ್ಬರ ಹೆಚ್ಚಿದಾಗ ಸುರಕ್ಷತೆಯ ಕಾರಣದಿಂದಲೂ ಪಥವನ್ನು ಮುಚ್ಚುವುದುಂಟು. ಆದ್ದರಿಂದ ನಾನು ಚೀಟಿ ಸಿಕ್ಕಿದ ಮೇಲೆಯೇ ಬಸ್ಸು, ಹೋಮ್‌ಸ್ಟೇ ಇತ್ಯಾದಿಗಳನ್ನು ಗೊತ್ತುಮಾಡುತ್ತೇನೆ. ಶನಿವಾರ, ಭಾನುವಾರಗಳನ್ನು ಬಿಟ್ಟು ವಾರದ ನಡುವಿನ ದಿನಗಳನ್ನೇ ಆರಿಸಿಕೊಳ್ಳುತ್ತೇನೆ. ಮುನ್ನೂರು ಮಂದಿ ನಡೆದ ದಾರಿಗೂ ಮೂವತ್ತು ಮಂದಿ ನಡೆದ ದಾರಿಗೂ ಇರುವ ವ್ಯತ್ಯಾಸ ಮಳೆಗಾಲದ ಕೆಸರಿನಲ್ಲಿ ಚೆನ್ನಾಗಿ ತಿಳಿಯುತ್ತದೆ.

ಈಗ ಲೆಕ್ಕ. ನಡಿಗೆ ಆರಂಭವಾಗುವುದು ಮುಳ್ಳೋಡಿ ಎಂಬಲ್ಲಿ. ಅಲ್ಲಿಂದ ಶಿಖರಕ್ಕೆ ಹೋಗಿ ಬರಲು ಸುಮಾರು 20 ಕಿಲೋಮೀಟರ್. ಶಿಖರದ ಎತ್ತರ ಸುಮಾರು 1,890 ಮೀಟರ್. ಗಂಟೆಗೆ ಐದು ಕಿಲೋಮೀಟರ್, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ ಎಂಬ ನೇಸ್ಮಿತ್ ಸೂತ್ರವನ್ನು ಪರ್ವತಾರೋಹಿಗಳು ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ಬಳಸುತ್ತ ಬಂದಿದ್ದಾರೆ. ಆದರೆ ಅದು ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ಹುಟ್ಟಿದ ಸೂತ್ರ. ಮಲೆನಾಡಿನ ಜಾರುಗಲ್ಲು, ಹಳ್ಳ, ಜೇಡಿಗಳ ಮೇಲೆ ಅದನ್ನು ನಂಬಿದವರು ಕತ್ತಲೆಯಲ್ಲಿ ಸಿಕ್ಕಿಬೀಳುತ್ತಾರೆ. ಬೆಂಗಳೂರಿನ ಕಚೇರಿಗಳಲ್ಲಿ ಕುಳಿತು ಕೆಲಸ ಮಾಡುವವರಿರುವ ಗುಂಪಿಗೆ ನಾನು ಏರುವಾಗ ಗಂಟೆಗೆ ಎರಡು, ಇಳಿಯುವಾಗ ಎರಡೂವರೆ ಕಿಲೋಮೀಟರ್ ಎಂದು ಹಿಡಿಯುತ್ತೇನೆ. ಸಂಜೆ ಐದಕ್ಕೆ ಕೆಳಗಿರಬೇಕೆಂದರೆ ಒಂದು ಗಂಟೆಗೆ ಶಿಖರ ಬಿಡಬೇಕು. ಅರ್ಧ ಗಂಟೆಯನ್ನು ಯಾರದ್ದಾದರೂ ಕಾಲು ಉಳುಕಬಹುದೆಂಬ ಕಾರಣಕ್ಕೆ ಕಳೆದರೆ ಉಳಿಯುವುದು ಹನ್ನೆರಡೂವರೆ. ಹನ್ನೆರಡೂವರೆಗೆ ಎಲ್ಲಿದ್ದರೂ ಅಲ್ಲಿಂದಲೇ ಹಿಂದಿರುಗತಕ್ಕದ್ದು ಎಂಬ ಕರಾರನ್ನು ಗುಂಪಿನ ಪ್ರತಿಯೊಬ್ಬರಿಂದಲೂ ಹಿಂದಿನ ರಾತ್ರಿಯೇ ಒಪ್ಪಿಸಿಕೊಳ್ಳುತ್ತೇನೆ. ಶಿಖರ ಕಣ್ಣೆದುರು ಕಾಣುತ್ತಿರುವಾಗ ಈ ಮಾತನ್ನು ಹೊಸದಾಗಿ ತೆಗೆದರೆ ಯಾರೂ ಕೇಳುವುದಿಲ್ಲ. ಇದರಂತೆ ಲೆಕ್ಕ ಹಾಕಿದರೆ ಬೆಳಿಗ್ಗೆ ಏಳರೊಳಗೆ ಹೆಜ್ಜೆ ಹಾಕಿರಬೇಕು, ಅದಕ್ಕೆ ಕಳಸ ಅಥವಾ ಸಂಸೆಯ ಸುತ್ತಮುತ್ತ ಹಿಂದಿನ ರಾತ್ರಿಯೇ ತಂಗಿರಬೇಕು, ಬಾಳೆಕಲ್ಲಿನ ಕಡೆಯಿಂದ ಮುಳ್ಳೋಡಿಗೆ ಹೋಗುವ ಒರಟು ರಸ್ತೆಗೆ ಜೀಪನ್ನು ಮೊದಲೇ ಹೇಳಿಟ್ಟಿರಬೇಕು. ಆ ರಸ್ತೆಯಲ್ಲಿ ಸ್ವಂತ ಕಾರನ್ನು ಇಳಿಸುವ ಸಾಹಸ ಬೇಡ.

ಚೀಲ ಹಗುರವಾಗಿರಬೇಕು. ಎರಡು ಲೀಟರ್ ನೀರು, ಸ್ಟೀಲ್ ಡಬ್ಬಿಯಲ್ಲಿ ಚಪಾತಿ ಅಥವಾ ಚಿತ್ರಾನ್ನ, ಬೆಲ್ಲ ಹಾಕಿದ ಕಡಲೆಮಿಠಾಯಿ, ಮಳೆಯಂಗಿ, ಟಾರ್ಚು, ಒಂದು ಜೊತೆ ಒಣ ಕಾಲುಚೀಲ. ಒಳಗೆ ಬಿಡುವ ಮೊದಲು ಪ್ಲಾಸ್ಟಿಕ್ ತಪಾಸಣೆ ಇರುವುದರಿಂದ ಪೊಟ್ಟಣ ತಿಂಡಿಗಳನ್ನು ಮನೆಯಲ್ಲಿಯೇ ಡಬ್ಬಿಗೆ ಸುರಿದುಕೊಂಡು ಬರುವುದು ಮೇಲು. ಶೂಗಳ ಬಗ್ಗೆ ನನಗೊಂದು ಅಭಿಪ್ರಾಯವಿದೆ: ಸಾವಿರಾರು ರೂಪಾಯಿಯ ಹೊಸ ಶೂ ಹಾಕಿಕೊಂಡು ಬಂದವರು ಪಾಚಿಗಲ್ಲಿನ ಮೇಲೆ ಬೀಳುತ್ತಿರುವಾಗ, ಮಲೆನಾಡಿನ ತೋಟದ ಕೆಲಸದವರು ಹಾಕುವ ಅಗ್ಗದ ಪ್ಲಾಸ್ಟಿಕ್ ಶೂನಲ್ಲಿ ಮಾರ್ಗದರ್ಶಿಗಳು ಸರಾಗವಾಗಿ ನಡೆಯುವುದನ್ನು ನೋಡಿದ್ದೇನೆ. ತಳದ ಹಲ್ಲುಗಳು ಆಳವಾಗಿರಬೇಕು, ಕಾಲಿಗೆ ಶೂ ಹಳೆಯದಾಗಿರಬೇಕು, ಇಷ್ಟೇ.

ಮುಳ್ಳೋಡಿಯಿಂದ ಮೊದಲ ಕೆಲವು ಕಿಲೋಮೀಟರ್ ದಾರಿ ಕಾಡಿನ ತುಂಡುಗಳನ್ನೂ ಹಳ್ಳಗಳನ್ನೂ ದಾಟಿಕೊಂಡು ಹೋಗುತ್ತದೆ, ಮತ್ತು ಜೂನ್‌ನಿಂದ ಅಕ್ಟೋಬರ್‌ವರೆಗೆ ಇಲ್ಲಿ ಇಂಬಳಗಳದೇ ರಾಜ್ಯ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಕಾಲುಚೀಲಕ್ಕೆ ಹೊಗೆಸೊಪ್ಪು ನೆನೆಸಿದ ನೀರು ಅಥವಾ ಉಪ್ಪು ಸವರಿಕೊಂಡರೆ ಬಹುಪಾಲು ತಪ್ಪುತ್ತವೆ. ಕಚ್ಚಿಕೊಂಡಿರುವುದನ್ನು ಎಳೆಯದೆ, ಅದರ ಬಾಯಿಯ ಪಕ್ಕಕ್ಕೆ ಉಗುರು ತೂರಿಸಿ ಸರಿಸಿಬಿಟ್ಟರೆ ಸಾಕು. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶವಿರುವುದರಿಂದ ಆಮೇಲೂ ಸ್ವಲ್ಪ ಹೊತ್ತು ರಕ್ತ ಒಸರುತ್ತದೆ. ಹೆದರಬೇಕಾದದ್ದೇನೂ ಇಲ್ಲ, ಒತ್ತಿಹಿಡಿದರೆ ನಿಲ್ಲುತ್ತದೆ. ಇಂಬಳ ಕೀಳಲೆಂದು ಕಾಡಿನೊಳಗೆ ನಿಲ್ಲಬಾರದು, ನಿಂತಷ್ಟೂ ಹೊಸವು ಹತ್ತುತ್ತವೆ. ಬಯಲಿಗೆ ಬಂದ ಮೇಲೆ ಎಲ್ಲರೂ ಒಟ್ಟಿಗೆ ಕುಳಿತು ನೋಡಿಕೊಳ್ಳುವುದನ್ನು ರೂಢಿಮಾಡಿಕೊಂಡಿದ್ದೇನೆ.

‘ಒಂಟಿಮರ’ವೆಂದು ಕರೆಯುವ ಗುರುತಿನ ಮರವನ್ನು ದಾಟಿದರೆ ಹುಲ್ಲುಗಾವಲು ತೆರೆದುಕೊಳ್ಳುತ್ತದೆ. ಇಲ್ಲಿಂದ ಮುಂದಿನದು ನನ್ನ ಮಟ್ಟಿಗೆ ಶಿಖರಕ್ಕಿಂತ ದೊಡ್ಡ ಆಕರ್ಷಣೆ. ಬೆಟ್ಟದ ಮೈಯೆಲ್ಲ ಹುಲ್ಲು, ನೀರು ಹರಿಯುವ ಮಡಿಕೆಗಳಲ್ಲಿ ಮಾತ್ರ ಕಡುಹಸಿರಿನ ಗಿಡ್ಡ ಮರಗಳ ಶೋಲಾ ಕಾಡು. ಗಾಳಿಗೆ ಮೈಯೊಡ್ಡಿದ ದಿಣ್ಣೆಗಳ ತೆಳು ಮಣ್ಣಿನಲ್ಲಿ ಹುಲ್ಲು ನಿಲ್ಲುತ್ತದೆ. ತೇವ ಉಳಿಯುವ, ಗಾಳಿಯಿಂದ ಮರೆಯಾದ ಕಣಿವೆಗಳಲ್ಲಿ ಮರ ನಿಲ್ಲುತ್ತದೆ. ಇಲ್ಲಿ ಸುರಿಯುವ ಮಳೆಯನ್ನು ಈ ಹುಲ್ಲೂ ಶೋಲಾವೂ ಸೇರಿ ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುವುದರಿಂದಲೇ ಮಳೆ ನಿಂತ ಮೇಲೂ ಹಳ್ಳಗಳಲ್ಲಿ ನೀರಿರುತ್ತದೆ. ತುಂಗಾ, ಭದ್ರಾ, ನೇತ್ರಾವತಿ ನದಿಗಳ ಮೂಲವೂ ಇದೇ ಉದ್ಯಾನದೊಳಗಿನ ಗಂಗಾಮೂಲ. ಮಳೆ ಇಳಿಮುಖವಾಗುವ ಸೆಪ್ಟೆಂಬರಿನಲ್ಲಿ ದಾರಿಯ ಅಂಚಿನ ತೇವದ ಬಂಡೆಗಳ ಮೇಲೆ ಕರ್ಣಕುಂಡಲದ ಜಾತಿಯ ಸಣ್ಣ ಹೂಗಳು ಒತ್ತಾಗಿ ಅರಳುತ್ತವೆ; ನಿಂತು ನೋಡಲು ನಾನು ಈ ಭಾಗಕ್ಕೆ ಅರ್ಧ ಗಂಟೆ ಹೆಚ್ಚಿಗೆ ಇಟ್ಟುಕೊಂಡಿರುತ್ತೇನೆ. ಈ ಬೆಟ್ಟಗಳ ಕಬ್ಬಿಣದ ಅದಿರನ್ನು ಅಗೆದು, ಕೆಸರಾಗಿಸಿ, ಕೊಳವೆಯ ಮೂಲಕ ಮಂಗಳೂರಿಗೆ ಸಾಗಿಸುತ್ತಿದ್ದ ಗಣಿಗಾರಿಕೆ ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ನಿಂತಿತು ಎಂಬುದನ್ನು ಹೊಸಬರಿಗೆ ಇಲ್ಲಿಯೇ ಹೇಳುತ್ತೇನೆ, ಏಕೆಂದರೆ ಕಾಲಡಿಯ ಮಣ್ಣಿನ ಕೆಂಪು ಬಣ್ಣವನ್ನು ಅವರೇ ತೋರಿಸಿ ಕೇಳುತ್ತಾರೆ.

ಹುಲ್ಲುಗಾವಲಿನಲ್ಲಿ ನಡೆಯುವುದಕ್ಕೂ ಒಂದು ಶಿಸ್ತಿದೆ. ದಾರಿಯ ನಡುವೆ ಕೆಸರಿರುವುದನ್ನು ಕಂಡು ಪಕ್ಕದ ಹುಲ್ಲಿನ ಮೇಲೆ ಕಾಲಿಡುವುದು ಎಲ್ಲರಿಗೂ ಸಹಜ. ಆದರೆ ಹಾಗೆ ನೂರು ಜನ ನಡೆದರೆ ಹುಲ್ಲು ಸತ್ತು ಎರಡನೆಯ ದಾರಿಯಾಗುತ್ತದೆ, ಮುಂದಿನ ಮಳೆಗೆ ಅದೂ ಕೊರಕಲಾಗಿ ಮೂರನೆಯದು ಹುಟ್ಟುತ್ತದೆ. ಕೆಸರಿನ ನಡುವೆಯೇ ನಡೆಯಿರಿ, ಶೂ ಹೇಗೂ ಹಳ್ಳದಲ್ಲಿ ತೊಳೆದುಹೋಗುತ್ತದೆ ಎಂದು ನಾನು ನನ್ನವರಿಗೆ ಹೇಳುತ್ತೇನೆ. ಮಂಜು ಕವಿದಾಗ ಈ ಕವಲುಗಳು ಅಪಾಯಕಾರಿಯೂ ಹೌದು, ಅವುಗಳ ಜೊತೆಗೆ ಕಡವೆ, ಕಾಟಿಗಳು ನಡೆದ ಜಾಡುಗಳೂ ಸೇರಿಕೊಂಡು ದಾರಿ ತಪ್ಪಿಸುತ್ತವೆ. ಸ್ಥಳೀಯ ಮಾರ್ಗದರ್ಶಿಯನ್ನು ಕಡ್ಡಾಯ ಮಾಡಿರುವುದನ್ನು ಕೆಲವರು ಖರ್ಚಿನ ಬಾಬತ್ತೆಂದು ಗೊಣಗುತ್ತಾರೆ. ಮೊಬೈಲಿನಲ್ಲಿ ನಕ್ಷೆ ಇಳಿಸಿಕೊಂಡಿದ್ದರೂ, ಹತ್ತು ಅಡಿ ಮುಂದೆ ಏನೂ ಕಾಣದ ಮಂಜಿನಲ್ಲಿ ನಾನು ನಂಬುವುದು ಆ ಊರಿನವರನ್ನೇ.

ಅವರು ಹೇಳಿದರೆ ಹನ್ನೆರಡೂವರೆಗೂ ಕಾಯದೆ ಹಿಂದಿರುಗುವ ಸಂದರ್ಭ ಒಂದಿದೆ, ಅದು ಗುಡುಗು. ಅಕ್ಟೋಬರಿನಲ್ಲಿ ಬೆಳಿಗ್ಗೆ ಆಕಾಶ ಶುಭ್ರವಾಗಿದ್ದು ಮಧ್ಯಾಹ್ನದ ಮೇಲೆ ಸಿಡಿಲುಮಳೆ ಬರುವುದು ಈ ಸೀಮೆಯ ವಾಡಿಕೆ; ಬೋಳು ಏಣಿನ ಮೇಲೆ ಆಗ ಅತಿ ಎತ್ತರದ ವಸ್ತು ಮನುಷ್ಯನೇ ಆಗಿರುತ್ತಾನೆ. ಮೇಲೆ ಮಳೆ ಬಿದ್ದರೆ ಬೆಳಿಗ್ಗೆ ಮೊಣಕಾಲುದ್ದವಿದ್ದ ಹಳ್ಳ ಸಂಜೆಗೆ ದಾಟಲಾಗದಂತೆ ಏರಿರಬಹುದೆಂಬುದೂ ಇನ್ನೂ ಬೇಗ ಹಿಂದಿರುಗಲು ಇನ್ನೊಂದು ಕಾರಣ.

ಶಿಖರದ ಹತ್ತಿರ ಹಳೆಯ ಇಗರ್ಜಿಯದೆಂದು ಸ್ಥಳೀಯರು ಹೇಳುವ ಪಾಳು ಗೋಡೆಗಳಿವೆ. ತುದಿಯಲ್ಲಿ ಪಶ್ಚಿಮಕ್ಕೆ ಬೆಟ್ಟ ಒಮ್ಮೆಲೇ ಕರಾವಳಿಯ ಕಡೆಗೆ ಕುಸಿಯುತ್ತದೆ. ಅಂಚಿನಲ್ಲಿ ಹುಲ್ಲಿನ ಕೆಳಗೆ ಬಂಡೆಯಿದೆಯೋ ಬರೀ ಗಾಳಿಯಿದೆಯೋ ತಿಳಿಯದು, ಆದ್ದರಿಂದ ಚಿತ್ರ ತೆಗೆಯುವವರನ್ನು ದೂರವೇ ನಿಲ್ಲಿಸುತ್ತೇನೆ. ಊಟ ಇಲ್ಲಿಯೇ, ಇಪ್ಪತ್ತು ನಿಮಿಷದಲ್ಲಿ.

ಇಳಿಯುವಾಗ ಮಂಡಿಗಳ ಪರೀಕ್ಷೆ. ಊರುಗೋಲಿದ್ದರೆ ಭಾರದ ಒಂದಷ್ಟು ಭಾಗ ತೋಳುಗಳಿಗೆ ಹೋಗುತ್ತದೆ. ಹೆಜ್ಜೆ ಚಿಕ್ಕದಾಗಿರಲಿ, ಗುಂಪಿನಲ್ಲಿ ಅತಿ ನಿಧಾನದವರು ಮುಂದಿರಲಿ. ಏರುವಾಗಲೇ ಮಂಡಿ ನೋವೆಂದವರನ್ನು ಒಂಟಿಮರದ ಆಚೆಗೆ ನಾನು ಒಯ್ಯುವುದಿಲ್ಲ. ಗುಂಪಿನಲ್ಲಿ ಒಬ್ಬರು ಹಿಂದಿರುಗಬೇಕಾದಾಗ ಅವರನ್ನು ಒಂಟಿಯಾಗಿ ಕಳುಹಿಸುವಂತಿಲ್ಲವಾದ್ದರಿಂದ, ಐದಾರು ಮಂದಿಗಿಂತ ದೊಡ್ಡ ಗುಂಪಾದರೆ ಇಬ್ಬರು ಮಾರ್ಗದರ್ಶಿಗಳನ್ನು ಕೇಳಿಕೊಳ್ಳುತ್ತೇನೆ. ಇಡೀ ದಿನ ನಡೆಯಲಾರದವರಿಗೆ, ಹಿರಿಯರಿಗೆ, ಮಕ್ಕಳಿರುವವರಿಗೆ ಇದೇ ಉದ್ಯಾನದಲ್ಲಿ ಕುರಿಂಜಾಲ್ ಮತ್ತು ಗಂಗಡಿಕಲ್ಲು ಶಿಖರಗಳ ದಾರಿಗಳಿವೆ. ಎರಡೂ ಕುದುರೆಮುಖಕ್ಕಿಂತ ಬಹಳ ಚಿಕ್ಕವು, ಹುಲ್ಲುಗಾವಲು, ಶೋಲಾಗಳ ಅದೇ ನೋಟವನ್ನು ಅರ್ಧ ದಿನದಲ್ಲಿ ಕೊಡುತ್ತವೆ. ಅವುಗಳಿಗೂ ಅನುಮತಿ ಬೇಕು, ಅವುಗಳ ಲೆಕ್ಕವನ್ನೂ ಇಳಿಯುವ ಹೊತ್ತಿನಿಂದಲೇ ಹಾಕಬೇಕು.